ಹಳೆಯ ಪೇಮೆಂಟ್ ವ್ಯವಸ್ಥೆ ಬದಲಿಸುವ ಸಹಕಾರಿ ಬ್ಯಾಂಕಿಗೆ ಕೆಲಸದ ಕ್ರಮ: ಮೊದಲು ತಾಳೆ, ಆಮೇಲೆ ಸಾಫ್ಟ್‌ವೇರ್

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಪಟ್ಟಣ ಸಹಕಾರಿ ಬ್ಯಾಂಕಿನ ಪೇಮೆಂಟ್ ವ್ಯವಸ್ಥೆ ಹಳತಾಗಿದೆ ಎಂದರೆ ಸಾಮಾನ್ಯವಾಗಿ ಸ್ಥಿತಿ ಹೀಗಿರುತ್ತದೆ. ನೆಫ್ಟ್, ಆರ್‌ಟಿಜಿಎಸ್ ಎಂಬ ಹಣ ಕಳಿಸುವ ದಾರಿಗಳೆರಡೂ ಸ್ಪಾನ್ಸರ್ ಬ್ಯಾಂಕಿನ, ಅಂದರೆ ಸಣ್ಣ ಬ್ಯಾಂಕಿನ ಪರವಾಗಿ ವಹಿವಾಟು ನಡೆಸುವ ದೊಡ್ಡ ಬ್ಯಾಂಕಿನ, ಮೂಲಕ ನಡೆಯುತ್ತವೆ. ಒಳಬಂದ ಹಣದ ಫೈಲನ್ನು ಅವರ ಪೋರ್ಟಲ್‌ನಿಂದ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ತೆರೆದು, ಕಾಲಂ ಹಿಂದೆ ಮುಂದೆ ಮಾಡಿ ಸಿಬಿಎಸ್‌ಗೆ, ಅಂದರೆ ಎಲ್ಲ ಖಾತೆಗಳ ಲೆಕ್ಕವಿರುವ ಬ್ಯಾಂಕಿನ ಮುಖ್ಯ ಸಾಫ್ಟ್‌ವೇರ್‌ಗೆ, ಏರಿಸುತ್ತಾರೆ. ಐಎಂಪಿಎಸ್, ಯುಪಿಐ ಇನ್ನೊಂದು ಕಂಪನಿಯ ಸ್ವಿಚ್‌ನಲ್ಲಿ, ಅಂದರೆ ಪಾವತಿಯ ಸಂದೇಶಗಳನ್ನು ಆಚೀಚೆ ಸಾಗಿಸುವ ವ್ಯವಸ್ಥೆಯಲ್ಲಿ, ಇವೆ. ರಾತ್ರಿ ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವ ಕೆಲಸ, ಶುರುವಾದರೆ ಎಲ್ಲವೂ ಬಂದ್. ಸಸ್ಪೆನ್ಸ್ ಖಾತೆಯಲ್ಲಿ ಯಾರದೆಂದು ಗೊತ್ತಿಲ್ಲದ ಮೊತ್ತಗಳು ವರ್ಷಗಟ್ಟಲೆ ಕೂತಿರುತ್ತವೆ.

ಇಂಥಲ್ಲಿ ಆಡಳಿತ ಮಂಡಳಿ ಮೊದಲು ಮಾಡುವುದು ಹೊಸ ಸ್ವಿಚ್‌ಗೆ ಟೆಂಡರ್ ಕರೆಯುವುದು. ಅದು ತಲೆಕೆಳಗಾದ ಕ್ರಮ. ತಾಳೆ ಇಲ್ಲದ ಬ್ಯಾಂಕಿಗೆ ವೇಗದ ಸ್ವಿಚ್ ತಂದರೆ ತಪ್ಪುಗಳೂ ಅದೇ ವೇಗದಲ್ಲಿ ಆಗುತ್ತವೆ, ಅಷ್ಟೇ. ಮೊದಲು ಲೆಕ್ಕ ತಾಳೆ, ಆಮೇಲೆ ನಡುವೆ ಎಲ್ಲ ಪಾವತಿಗಳೂ ಹಾದುಹೋಗುವ ಒಂದು ಪೇಮೆಂಟ್ ಹಬ್, ಆಮೇಲೆ ಒಂದೊಂದೇ ದಾರಿಯನ್ನು ಅದರ ಮೇಲೆ ತರುವುದು. ಸಿಬಿಎಸ್ ಬದಲಿಸುವ ಮಾತು ಕೊನೆಗೆ. ಬಹಳ ಸಲ ಅದರ ಅಗತ್ಯವೇ ಬೀಳುವುದಿಲ್ಲ.

ಇರುವುದನ್ನು ಕಾಗದಕ್ಕೆ ಇಳಿಸಿ

ನೆಫ್ಟ್, ಆರ್‌ಟಿಜಿಎಸ್, ಐಎಂಪಿಎಸ್, ಯುಪಿಐ, ನ್ಯಾಚ್ (ಕಂತು, ಸಂಬಳದಂಥ ಸಾಮೂಹಿಕ ಪಾವತಿ), ಆಧಾರ್ ಮೂಲಕದ ಡಿಬಿಟಿ (ಸರ್ಕಾರದ ನೇರ ಹಣ), ಸಿಟಿಎಸ್ (ಚಿತ್ರದ ಮೂಲಕ ತೀರುವಳಿಯಾಗುವ) ಚೆಕ್, ಎಟಿಎಂ. ಒಂದೊಂದಕ್ಕೂ ಒಂದು ಹಾಳೆ. ಸಂದೇಶ ಎಲ್ಲಿಂದ ಬರುತ್ತದೆ, ಯಾರ ಕೈ ದಾಟುತ್ತದೆ, ಹಣ ಯಾವ ಜಿಎಲ್ (ಬ್ಯಾಂಕಿನ ಸ್ವಂತ ಲೆಕ್ಕದ) ಖಾತೆಯಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಖಾಲಿಯಾಗಬೇಕು, ತಿಂಗಳಿಗೆ ಎಷ್ಟು, ಅತಿ ಹೆಚ್ಚು ಒತ್ತಡದ ಗಂಟೆಯಲ್ಲಿ ಎಷ್ಟು. ಮನುಷ್ಯರ ಕೈಯಲ್ಲಿ ಮತ್ತೆ ಟೈಪ್ ಆಗುವ ಜಾಗಕ್ಕೆಲ್ಲ ಕೆಂಪು ಗುರುತು ಹಾಕಿ.

ಆ ಕೆಂಪು ಗುರುತುಗಳಲ್ಲಿ ಮೊದಲು ಅಳಿಸಬೇಕಾದದ್ದು ಎಕ್ಸೆಲ್. ಅದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ತೆರೆದು ಉಳಿಸಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮೊದಲಿನ ಸೊನ್ನೆಗಳು ಉದುರಿಹೋಗುತ್ತವೆ. ಹಾಗೆ ಬದಲಾದ ಸಂಖ್ಯೆಯ ಖಾತೆ ನಿಮ್ಮಲ್ಲಿ ನಿಜವಾಗಿಯೂ ಇದ್ದರೆ ಹಣ ಅಲ್ಲಿಗೆ ಹೋಗಿ ಕೂರುತ್ತದೆ, ಸಿಬಿಎಸ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಬ್ ಬರುವವರೆಗೂ ಕಾಯಬೇಡಿ. ಫೈಲನ್ನು ನೇರವಾಗಿ ಓದಿ, ಖಾತೆ ಸಂಖ್ಯೆಯನ್ನು ಪಠ್ಯವಾಗಿಯೇ ಇಟ್ಟು ಸಿಬಿಎಸ್ ಮಾದರಿಗೆ ಬದಲಿಸುವ ಚಿಕ್ಕ ಪ್ರೋಗ್ರಾಂ ಈ ವಾರವೇ ಬರೆಸಿ.

ಒತ್ತಡದ ಲೆಕ್ಕವನ್ನು ವರ್ಷದ ಸರಾಸರಿಯಿಂದ ಹಾಕಬೇಡಿ. ಭತ್ತದ ಸುಗ್ಗಿಯಲ್ಲಿ ಎಪಿಎಂಸಿ ಹತ್ತಿರದ ಶಾಖೆಯೊಂದಕ್ಕೆ 40 ದಲಾಲಿ ಅಂಗಡಿಗಳ ಖಾತೆಗಳಿವೆ, ಒಂದೊಂದು ಅಂಗಡಿ ಸಂಜೆ 60 ರೈತರಿಗೆ ಹಣ ಕಳಿಸುತ್ತದೆ ಅಂದುಕೊಳ್ಳಿ. ಅದು 2,400 ಪಾವತಿ. ಸಿಬಿಎಸ್ ಸೆಕೆಂಡಿಗೆ 3 ಪೋಸ್ಟಿಂಗ್ (ಖಾತೆಯಲ್ಲಿ ನಮೂದು) ಮಾಡಿದರೆ ಡೆಬಿಟ್ ಮಾಡುವುದಕ್ಕೇ 13 ನಿಮಿಷ ಬೇಕು. ನೆಫ್ಟ್ ಬ್ಯಾಚ್ ಅರ್ಧ ಗಂಟೆಗೊಂದು, ದಿನಕ್ಕೆ 48. ಐದೂ ಮುಕ್ಕಾಲಿಗೆ ಬಂದ ಫೈಲು ಆರರ ಬ್ಯಾಚ್ ತಪ್ಪಿಸಿಕೊಂಡು ಆರೂವರೆಗೆ ಹೋಗುತ್ತದೆ, ಅಷ್ಟರಲ್ಲಿ ರೈತರು ಅಂಗಡಿಯ ಮುಂದೆ ನಿಂತಿರುತ್ತಾರೆ. ಹೊಸ ವ್ಯವಸ್ಥೆಯನ್ನು ಇಂಥ ಸಂಜೆಯ ಮೂರು ಪಟ್ಟು ಒತ್ತಡಕ್ಕೆ ಪರೀಕ್ಷಿಸಿ.

ಸಸ್ಪೆನ್ಸ್ ಖಾತೆ ಚೊಕ್ಕ ಮಾಡಿ

ಹಳೆಯ ಬಾಕಿ ಹೊತ್ತುಕೊಂಡು ಹೊಸ ವ್ಯವಸ್ಥೆಗೆ ಹೋದರೆ, ಮೊದಲ ದಿನ ಬಂದ ವ್ಯತ್ಯಾಸ ಹಳೆಯದೋ ಹೊಸದೋ ಎಂದು ಯಾರಿಗೂ ಹೇಳಲಾಗುವುದಿಲ್ಲ. ಬಾಕಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ: ಒಂದು ದಿನದೊಳಗಿನವು, ವಾರದೊಳಗಿನವು, ತಿಂಗಳೊಳಗಿನವು, ಅದಕ್ಕೂ ಹಳೆಯವು. ಪ್ರತಿಯೊಂದಕ್ಕೂ ಯುಟಿಆರ್ ಅಥವಾ ಆರ್‌ಆರ್‌ಎನ್ ಎಂಬ ವಹಿವಾಟಿನ ಗುರುತು ಸಂಖ್ಯೆ ಹುಡುಕಿ. ನೆಫ್ಟ್‌ನಲ್ಲಿ ಬ್ಯಾಚ್ ಸೆಟಲ್ (ಬ್ಯಾಂಕುಗಳ ನಡುವೆ ಚುಕ್ತಾ) ಆದ 2 ಗಂಟೆಯೊಳಗೆ ಜಮೆಯಾಗಬೇಕು, ಇಲ್ಲವೇ ವಾಪಸ್ ಹೋಗಬೇಕು. ತಡವಾದ ದಿನಗಳಿಗೆ ರೆಪೊ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಹಾಗಾಗಿ ಹಳೆಯ ಬಾಕಿ ಹಿಂತಿರುಗಿಸುವಾಗ ಬಡ್ಡಿಯನ್ನೂ ಲೆಕ್ಕ ಹಾಕಿ, ಆಡಿಟರ್ ಮುಂದೆ ಇಡಿ.

ದಿನದ ತಾಳೆ ಮೂರು ಕಡೆಯದು: ಸಿಬಿಎಸ್‌ನ ಜಿಎಲ್, ಸ್ವಿಚ್ ಅಥವಾ ಹಬ್‌ನ ದಾಖಲೆ, ಹೊರಗಿನ ದಾಖಲೆ. ಹೊರಗಿನದು ಎಂದರೆ ನೆಫ್ಟ್‌ಗೆ ಸ್ಪಾನ್ಸರ್ ಬ್ಯಾಂಕಿನ ಸ್ಟೇಟ್‌ಮೆಂಟ್, ಯುಪಿಐ-ಐಎಂಪಿಎಸ್‌ಗೆ ಅವನ್ನು ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಪ್ರತಿ ಸೈಕಲ್‌ಗೆ (ಚುಕ್ತಾ ಸುತ್ತಿಗೆ) ಕೊಡುವ ಸೆಟಲ್‌ಮೆಂಟ್ ಫೈಲು. ಎರಡೇ ಕಡೆ ನೋಡಿದರೆ ಸಾಲದು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋದಾಗ, ಎಟಿಎಂ ಕೋರಿಕೆಗಳಿಗೆ ಸಿಬಿಎಸ್‌ವರೆಗೆ ಹೋಗದೆಯೇ ನಡುವಿನ ನಕಲಿ ವ್ಯವಸ್ಥೆಯೊಂದು 'ಸರಿ' ಎಂದು ಉತ್ತರ ಕೊಡುತ್ತಿತ್ತು. ಸ್ವಿಚ್‌ನಲ್ಲಿ ಅನುಮತಿ ಇದೆ, ಸಿಬಿಎಸ್‌ನಲ್ಲಿ ಡೆಬಿಟ್ ಇಲ್ಲ ಎಂಬ ಸಾಲುಗಳನ್ನು 15 ನಿಮಿಷಕ್ಕೊಮ್ಮೆ ಯಂತ್ರವೇ ಹುಡುಕಿ ಕೂಗಬೇಕು. ಮರುದಿನ ಬೆಳಿಗ್ಗೆ ಗೊತ್ತಾದರೆ ಗೊತ್ತಾಗಿ ಪ್ರಯೋಜನವಿಲ್ಲ.

ಒಂದು ತಿಂಗಳು ಸತತವಾಗಿ ಮೂರೂ ಕಡೆ ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾದ ಮೇಲೆ ಟೆಂಡರ್ ಮಾತಾಡಿ.

ಹಬ್: ಒಂದು ಪಾವತಿಗೆ ಒಂದೇ ಸಾಲು

ಹಬ್ ಎಂದರೆ ಎಲ್ಲ ದಾರಿಗಳ ಪಾವತಿಗಳೂ ಹಾದುಹೋಗುವ ಒಂದು ದಾಖಲೆ ಪುಸ್ತಕ. ಪ್ರತಿ ಪಾವತಿಗೆ ಒಂದು ಸಾಲು, ಆ ಸಾಲಿಗೆ ಒಂದು ಸ್ಥಿತಿ: ಬಂದಿದೆ, ಪರಿಶೀಲಿಸಿದೆ, ಡೆಬಿಟ್ ಆಗಿದೆ, ಕಳಿಸಿದೆ, ಮುಗಿದಿದೆ, ವಾಪಸಾಗಿದೆ, ಗೊತ್ತಿಲ್ಲ. ಕೊನೆಯ ಸ್ಥಿತಿಯನ್ನು ಬಿಟ್ಟ ವಿನ್ಯಾಸ ಕಂಡರೆ ವೆಂಡರ್‌ನನ್ನು ಅಲ್ಲೇ ನಿಲ್ಲಿಸಿ ಕೇಳಿ. ಸ್ಥಿತಿ ಬದಲಾದಾಗ ಹಳೆಯದನ್ನು ಅಳಿಸಿ ಬರೆಯಬಾರದು. ಸಮಯದೊಂದಿಗೆ ಹೊಸ ನಮೂದು ಸೇರಬೇಕು.

ಒಂದೇ ಪಾವತಿ ಎರಡು ಸಲ ಪೋಸ್ಟ್ ಆಗದಂತೆ ತಡೆಯುವ ಕೀಲಿ ಯಾವುದು ಎಂಬುದನ್ನು ಬರಹದಲ್ಲಿ ನಿರ್ಧರಿಸಿ. ಆರ್‌ಆರ್‌ಎನ್ 12 ಅಂಕಿಯದು, ಅದೊಂದೇ ಸಾಲದು. ದಾರಿ, ದಿಕ್ಕು, ಕಳಿಸಿದ ಬ್ಯಾಂಕು, ದಿನಾಂಕ ಸೇರಿಸಿಯೇ ಕೀಲಿ ಮಾಡಿ. ಆ ಕೀಲಿಗೆ ಡೇಟಾಬೇಸ್‌ನಲ್ಲೇ ಯೂನಿಕ್ ನಿಯಮ ಇರಲಿ. ಪ್ರೋಗ್ರಾಂ ಒಳಗೆ 'ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು' ಎಂದು ಬರೆದರೆ, ಒಂದೇ ಕ್ಷಣದಲ್ಲಿ ಬಂದ ಎರಡು ಪ್ರತಿಗಳೂ ಒಳಗೆ ನುಸುಳುತ್ತವೆ.

ಯುಟಿಆರ್ ಉದ್ದವನ್ನೂ ನೋಡಿ. ನೆಫ್ಟ್‌ನದು 16 ಅಕ್ಷರ, ಆರ್‌ಟಿಜಿಎಸ್‌ನದು 22. ಹಳೆಯ ಸಿಬಿಎಸ್‌ನಲ್ಲಿ ಆ ಕಾಲಂ 16 ಅಕ್ಷರದ್ದೇ ಇರುವುದುಂಟು. ಆರ್‌ಟಿಜಿಎಸ್ ಯುಟಿಆರ್‌ನಲ್ಲಿ ಮೊದಲು ಬ್ಯಾಂಕಿನ ಗುರುತು, ಆಮೇಲೆ ದಿನಾಂಕ, ಕೊನೆಗೆ ಕ್ರಮಸಂಖ್ಯೆ. ಬಾಲ ಕತ್ತರಿಸಿದರೆ ಹೋಗುವುದು ಕ್ರಮಸಂಖ್ಯೆಯೇ. ಆಗ ಒಂದೇ ಬ್ಯಾಂಕಿನಿಂದ ಅದೇ ದಿನ ಬಂದ ಎರಡನೆಯ ಆರ್‌ಟಿಜಿಎಸ್ 'ನಕಲು' ಎಂದು ತಿರಸ್ಕೃತವಾಗುತ್ತದೆ. ಗಿರಣಿ ಮಾಲೀಕರ ದೊಡ್ಡ ಮೊತ್ತಗಳೇ ಇದರಲ್ಲಿ ಸಿಕ್ಕಿಬೀಳುವುದು.

ಸಂದೇಶಗಳ ವಿಷಯ. ನೆಫ್ಟ್‌ನಲ್ಲಿ ಹೊರಹೋಗುವುದು ಎನ್06, ಒಳಬರುವುದು ಎನ್02, ವಾಪಸ್ ಎನ್07, ಜಮೆಯಾಯಿತೆಂಬ ಖಾತರಿ ಎನ್10. ಆರ್‌ಟಿಜಿಎಸ್ ಐಎಸ್‌ಒ 20022 ಎಂಬ ಅಂತರರಾಷ್ಟ್ರೀಯ ಸಂದೇಶ ಮಾದರಿಯದು: ಗ್ರಾಹಕರ ಪಾವತಿಗೆ ಪ್ಯಾಕ್ಸ್ 008, ವಾಪಸಿಗೆ ಪ್ಯಾಕ್ಸ್ 004. ಫೈಲ್ ಮೂಲಕ ಕೆಲಸ ಮಾಡುವ, ಸ್ಪಾನ್ಸರ್ ಮೂಲಕ ಸೇರಿದ ಸಬ್ ಮೆಂಬರ್ ಬ್ಯಾಂಕುಗಳಲ್ಲಿ ಎನ್10 ಹಿಂದಕ್ಕೆ ಹೋಗುವುದೇ ತಪ್ಪಿರುತ್ತದೆ; ಜಮೆಯ ಮಾಹಿತಿಯನ್ನು ಸ್ಪಾನ್ಸರ್ ಬ್ಯಾಂಕಿಗೆ ಯಾವ ರೂಪದಲ್ಲಿ, ಎಷ್ಟು ನಿಮಿಷದಲ್ಲಿ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ. ಅಂಗಡಿಗಳ ಹೆಸರಿನಲ್ಲಿ ಬರುವ '&' ಚಿಹ್ನೆಯನ್ನು ಎಕ್ಸ್‌ಎಂಎಲ್‌ಗೆ ತಕ್ಕಂತೆ ಬದಲಿಸದೆ ಕಳಿಸಿದರೆ ಇಡೀ ಸಂದೇಶವೇ ತಿರಸ್ಕೃತವಾಗುತ್ತದೆ. 'ಅಂಡ್ ಸನ್ಸ್', 'ಅಂಡ್ ಕೋ' ಇಲ್ಲದ ಎಪಿಎಂಸಿ ಎಲ್ಲಿದೆ? ಪರೀಕ್ಷೆಯ ಪಟ್ಟಿಯಲ್ಲಿ ಇಂಥ ಹತ್ತು ಹೆಸರುಗಳಾದರೂ ಇರಲಿ.

ಉತ್ತರ ಬರಲಿಲ್ಲ ಎಂದರೆ ಆಗಲಿಲ್ಲ ಎಂದಲ್ಲ

ಅತಿ ಹೆಚ್ಚು ಹಣ ಕಳೆಯುವುದು ಇಲ್ಲಿ. ಗ್ರಾಹಕರ ಖಾತೆಯಿಂದ ಡೆಬಿಟ್ ಆಯಿತು, ಸಂದೇಶ ಹೋಯಿತು, 91 ಎಂಬ ಟೈಮ್‌ಔಟ್ ಬಂತು ಅಥವಾ ಏನೂ ಬರಲಿಲ್ಲ. ಹಳೆಯ ಸ್ವಿಚ್ ತಕ್ಷಣ ಹಣ ಹಿಂತಿರುಗಿಸುತ್ತದೆ. ಆದರೆ ಆ ಕಡೆ ಜಮೆ ಆಗಿಯೇ ಇದ್ದು, ದಾರಿಯಲ್ಲಿ ಉತ್ತರ ಮಾತ್ರ ಕಳೆದಿರಬಹುದು. ಸಂಜೆ ಸೆಟಲ್‌ಮೆಂಟ್‌ನಲ್ಲಿ ನಿಮ್ಮ ಬ್ಯಾಂಕಿನ ಹಣ ಹೋಗುತ್ತದೆ. ಗ್ರಾಹಕರು ವಾಪಸ್ ಬಂದದ್ದನ್ನು ಖರ್ಚು ಮಾಡಿರುತ್ತಾರೆ.

ಆದ್ದರಿಂದ ಟೈಮ್‌ಔಟ್ ಆದ ಸಾಲು 'ಗೊತ್ತಿಲ್ಲ' ಸ್ಥಿತಿಗೆ ಹೋಗಲಿ. ಹಬ್ ಸ್ಥಿತಿ ವಿಚಾರಿಸಲಿ. ಯುಪಿಐಯಲ್ಲಿ ಅದಕ್ಕೇ ಪ್ರತ್ಯೇಕ ಕೋರಿಕೆ ಇದೆ, ಆದರೆ ಎಷ್ಟು ಸಲ, ಎಷ್ಟು ಅಂತರದಲ್ಲಿ ಕೇಳಬಹುದು ಎಂಬುದಕ್ಕೆ ಎನ್‌ಪಿಸಿಐ ಮಿತಿ ಇದೆ. ಮಿತಿಯನ್ನು ಪ್ರೋಗ್ರಾಂ ಒಳಗೆ ಹೂತಿಡದೆ, ಬೇಕಾದಾಗ ಬದಲಿಸಬಹುದಾದ ಸೆಟ್ಟಿಂಗ್ ಆಗಿ ಇಡಿ. ಖಚಿತ ಉತ್ತರ ಬರದಿದ್ದರೆ ಸೈಕಲ್ ಫೈಲು ಬಂದು ತಾಳೆಯಾಗುವವರೆಗೆ ಯಾರೂ ಕೈಯಿಂದ ರಿವರ್ಸ್ ಮಾಡಬಾರದು. ಶಾಖೆಯ ಮ್ಯಾನೇಜರ್ ಫೋನ್ ಮಾಡಿ 'ನಮ್ಮ ಹಳೆಯ ಗ್ರಾಹಕರು, ಮಾಡಿಬಿಡಿ' ಎಂದರೂ ಸರಿಯೇ. ಆ ಅಧಿಕಾರವನ್ನು ಪ್ರಧಾನ ಕಚೇರಿಯ ಇಬ್ಬರಿಗೆ ಮಾತ್ರ ಕೊಡಿ.

ಹಾಗೆಂದು ಕಾಯುತ್ತ ಕೂರುವಂತೆಯೂ ಇಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಜಮೆಯಾಗದ ಐಎಂಪಿಎಸ್ ಹಾಗೂ ಯುಪಿಐ ಹಣ ವರ್ಗಾವಣೆ ಮರುದಿನದೊಳಗೆ ಸರಿಯಾಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ದೂರು ಕೊಡದಿದ್ದರೂ. ಎಟಿಎಂನಲ್ಲಿ ಡೆಬಿಟ್ ಆಗಿ ನೋಟು ಬಾರದಿದ್ದರೆ 5 ದಿನ. ಈ ಗಡಿಯಾರಗಳು ಹಬ್‌ನಲ್ಲೇ ಓಡಬೇಕು, ಪರಿಹಾರವೂ ತಾನಾಗಿಯೇ ಪೋಸ್ಟ್ ಆಗಬೇಕು.

ಎಸ್‌ಎಂಎಸ್ ವಾಕ್ಯವನ್ನೂ ಬದಲಿಸಿ. 'ವಹಿವಾಟು ವಿಫಲವಾಗಿದೆ' ಎಂದು ಕಂಡ ತಕ್ಷಣ ಜನ ಮತ್ತೆ ಕಳಿಸುತ್ತಾರೆ. 'ಹಣ ಕಡಿತವಾಗಿದೆ, ಉತ್ತರ ಬಂದಿಲ್ಲ. ಮತ್ತೆ ಕಳಿಸಬೇಡಿ' ಎಂದಿರಲಿ. ಕನ್ನಡದ ಎಸ್‌ಎಂಎಸ್‌ಗೆ ಒಂದು ಭಾಗದಲ್ಲಿ 70 ಅಕ್ಷರ ಮಾತ್ರ ಹಿಡಿಯುತ್ತದೆ, ಒತ್ತಕ್ಷರ, ಗುಣಿತ ಚಿಹ್ನೆ ಎಲ್ಲ ಬೇರೆ ಬೇರೆ ಎಣಿಕೆ. ಟೆಂಪ್ಲೇಟನ್ನು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿ.

ಹೆಸರು, ಐಎಫ್‌ಎಸ್‌ಸಿ, ಆಧಾರ್

2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್ ಕಳಿಸುವವರಿಗೆ ಹಣ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಅಂದರೆ ನಿಮ್ಮ ಖಾತೆ ಪುಸ್ತಕದಲ್ಲಿರುವ ಹೆಸರು ಈಗ ಊರೆಲ್ಲ ಕಾಣುತ್ತದೆ. ನಮ್ಮ ಕಡೆ 'ಹನುಮಂತಪ್ಪ ತಂದೆ ಯಂಕಪ್ಪ' ಎಂಬುದು ಒಂದೇ ಬ್ಯಾಂಕಿನಲ್ಲಿ ನಾಲ್ಕು ಬಗೆಯಲ್ಲಿ ಇಂಗ್ಲಿಷ್‌ಗೆ ಇಳಿದಿರುತ್ತದೆ. ತಂದೆಯ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬರೀ ಇನಿಷಿಯಲ್. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಹೆಸರುಗಳು ಯುನಿಕೋಡ್‌ಗೆ ಪರಿವರ್ತನೆಯಾಗದೆ ಉಳಿದಿದ್ದರೆ ಅಕ್ಷರಗಳ ಕಸವೇ ಹೊರಗೆ ಹೋಗುತ್ತದೆ. ಕೆವೈಸಿ ದಾಖಲೆಯ ಹೆಸರನ್ನೇ ಪ್ರಮಾಣವೆಂದು ಇಟ್ಟುಕೊಂಡು, ವಹಿವಾಟು ಹೆಚ್ಚಿರುವ ಖಾತೆಗಳಿಂದ ಸ್ವಚ್ಛ ಮಾಡುತ್ತ ಬನ್ನಿ.

ಶಾಖೆಯ ಗುರುತಾದ ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಸೊನ್ನೆ. ಅದನ್ನು 'ಓ' ಎಂದು ಟೈಪ್ ಮಾಡುವುದೇ ಸಾಮಾನ್ಯ ತಪ್ಪು, ಹಬ್ ಅಲ್ಲೇ ಹಿಡಿಯಲಿ. ಶಾಖೆ ಅಥವಾ ಬ್ಯಾಂಕು ವಿಲೀನವಾದಾಗ ಕೋಡ್‌ಗಳು ಸಾಯುತ್ತವೆ: ಕೆನರಾದಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ಕೋಡ್‌ಗಳು 2021ರ ಜುಲೈ 1ರಿಂದ ನಡೆಯಲಿಲ್ಲ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಒಂದೇ ಬ್ಯಾಂಕಾದವು. ಗ್ರಾಹಕರು ಉಳಿಸಿಟ್ಟ ಹಳೆಯ ಫಲಾನುಭವಿ ಪಟ್ಟಿಗಳನ್ನು ರಿಸರ್ವ್ ಬ್ಯಾಂಕಿನ ಐಎಫ್‌ಎಸ್‌ಸಿ ಪಟ್ಟಿಯೊಂದಿಗೆ ವಾರಕ್ಕೊಮ್ಮೆ ಹೋಲಿಸುವ ಕೆಲಸ ಯಂತ್ರಕ್ಕೆ ಕೊಡಿ.

ಡಿಬಿಟಿಯಲ್ಲಿ ಹಣ ಆಧಾರ್ ಸಂಖ್ಯೆಯ ಮೇಲೆ ಬರುತ್ತದೆ. ಎನ್‌ಪಿಸಿಐನ ಆಧಾರ್ ಪಟ್ಟಿಯಾದ ಮ್ಯಾಪರ್ ಯಾವ ಬ್ಯಾಂಕು ಎಂದಷ್ಟೇ ಹೇಳುತ್ತದೆ. ಯಾವ ಖಾತೆ ಎಂದು ಹುಡುಕುವುದು ನಿಮ್ಮ ಕೆಲಸ. ಖಾತೆ ಮುಚ್ಚಿದಾಗ ಮ್ಯಾಪರ್‌ನಿಂದ ತೆಗೆಯದಿದ್ದರೆ, ಪಿಎಂ ಕಿಸಾನ್ ಅಥವಾ ಗೃಹಲಕ್ಷ್ಮಿಯ 2,000 ರೂಪಾಯಿ ನಿಮ್ಮಲ್ಲಿಗೆ ಬಂದು, ಜಾಗವಿಲ್ಲದೆ ವಾಪಸ್ ಹೋಗುತ್ತದೆ. ಬೈಗುಳ ಮಾತ್ರ ಕೌಂಟರಿಗೇ ಬರುತ್ತದೆ. ಮ್ಯಾಪರ್ ಪಟ್ಟಿಯನ್ನೂ ನಿಮ್ಮ ಆಧಾರ್ ಜೋಡಣೆಯನ್ನೂ ತಿಂಗಳಿಗೊಮ್ಮೆ ತಾಳೆ ನೋಡಿ.

ಡೇ ಎಂಡ್ ಎಂಬ ಗೋಡೆ

ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ನ್ಯಾಚ್ 2021ರ ಆಗಸ್ಟ್ 1ರಿಂದ ಭಾನುವಾರವೂ ಉಂಟು. ಹಳೆಯ ಸಿಬಿಎಸ್ ಮಾತ್ರ ರಾತ್ರಿ ಕದ ಹಾಕಿಕೊಳ್ಳುತ್ತದೆ.

ಇಲ್ಲಿ ದುಡ್ಡು ಉಳಿಸುವ ಒಂದು ವಿವೇಚನೆ ಇದೆ. ಒಳಬರುವ ನೆಫ್ಟ್‌ಗೆ 2 ಗಂಟೆಯ ಅವಕಾಶ ಇರುವುದರಿಂದ, ಡೇ ಎಂಡ್ ಒಂದೂವರೆ ಗಂಟೆಯೊಳಗೆ ಮುಗಿಯುವುದಾದರೆ ಸರತಿಯಲ್ಲಿ ನಿಲ್ಲಿಸಿ ಆಮೇಲೆ ಪೋಸ್ಟ್ ಮಾಡಿದರೆ ಸಾಕು; ಸಿಬಿಎಸ್ ಮುಚ್ಚಿದಾಗ ಅದರ ಬದಲು ಉತ್ತರಿಸುವ ದುಬಾರಿ ಸ್ಟ್ಯಾಂಡ್-ಇನ್ ವ್ಯವಸ್ಥೆ ಬೇಕಿಲ್ಲ. ಯುಪಿಐ, ಐಎಂಪಿಎಸ್, ಎಟಿಎಂಗೆ ಮಾತ್ರ ಬೇಕೇ ಬೇಕು. ಡೇ ಎಂಡ್‌ಗೆ ಮುನ್ನ ಬ್ಯಾಲೆನ್ಸ್‌ಗಳ ಪ್ರತಿ ತೆಗೆದು ಹಬ್‌ಗೆ ಕೊಡಿ. ಲೀನ್ ಇರುವ (ಸಾಲ ಇತ್ಯಾದಿಗೆ ತಡೆಹಿಡಿದ) ಮೊತ್ತ, ಫ್ರೀಜ್ ಆದ ಖಾತೆಗಳೂ ಅದರಲ್ಲಿರಬೇಕು. ಪ್ರತಿಯಲ್ಲಿ ಲೀನ್ ಬಿಟ್ಟುಹೋದರೆ ಬೆಳೆ ಸಾಲದ ಕಂತಿಗೆ ಹಿಡಿದಿಟ್ಟ ಹಣ ರಾತ್ರಿ ಹನ್ನೊಂದೂವರೆಗೆ ಹೊರಟುಹೋಗುತ್ತದೆ. ಸಿಬಿಎಸ್ ತೆರೆದ ಮೇಲೆ ಆ ವಹಿವಾಟುಗಳು ಬಂದ ಕ್ರಮದಲ್ಲೇ ಪೋಸ್ಟ್ ಆಗಬೇಕು. ಪ್ರತಿ ಸಾಲಿಗೂ ಎರಡು ದಿನಾಂಕ ಇರಲಿ, ನಡೆದದ್ದು ಮತ್ತು ಪೋಸ್ಟ್ ಆದದ್ದು. ಒಂದೇ ಇದ್ದರೆ ತಿಂಗಳ ಕೊನೆಯ ರಾತ್ರಿ ಬಡ್ಡಿಯೂ ತಪ್ಪುತ್ತದೆ, ಸೆಟಲ್‌ಮೆಂಟ್ ತಾಳೆಯೂ ತಪ್ಪುತ್ತದೆ.

ಚೆಕ್ಕಿನ ಕಡೆಯೂ ಕೆಲಸದ ಹೊತ್ತು ಬದಲಾಗಿದೆ. 2025ರ ಅಕ್ಟೋಬರ್ 4ರಿಂದ ಸಿಟಿಎಸ್‌ನಲ್ಲಿ ಹಗಲಿಡೀ ಚೆಕ್ ಚಿತ್ರಗಳು ಬರುತ್ತಲೇ ಇರುತ್ತವೆ. ಸಂಜೆ 7ರೊಳಗೆ ಬೇಡ ಎನ್ನದಿದ್ದರೆ ಒಪ್ಪಿದಂತೆಯೇ. ಸಹಿ ನೋಡುವವರನ್ನು ಸಂಜೆಯ ಪಾಳಿಯಿಂದ ಹಗಲಿಗೆ ತನ್ನಿ.

ಸೆಟಲ್‌ಮೆಂಟ್ ಖಾತೆಯಲ್ಲಿ ಹಣ ಸಾಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಸುಗ್ಗಿಯ ಶನಿವಾರ ಹೊರಹರಿವು ಹೆಚ್ಚು, ತುಂಬಿಸುವವರು ಕಚೇರಿಯಲ್ಲಿ ಇರುವುದಿಲ್ಲ. ಹೊರಹರಿವು ಮಿತಿಯ ಶೇ. 70 ಮತ್ತು 85 ಮುಟ್ಟಿದಾಗ ಖಜಾನೆ ಅಧಿಕಾರಿಯ ಮೊಬೈಲ್‌ಗೆ ಕರೆಯೇ ಹೋಗಲಿ, ಈಮೇಲ್ ಬೇಡ.

ಕೀಲಿ, ವೆಂಡರ್, ಕರೆಂಟು

ಸಂದೇಶಗಳನ್ನು ಭದ್ರಪಡಿಸುವ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗಿದು ಪಾವತಿ ನಿಲ್ಲುವುದು ನಾಚಿಕೆಗೇಡು, ಆದರೂ ನಡೆಯುತ್ತಲೇ ಇರುತ್ತದೆ. ಎಲ್ಲ ಸರ್ಟಿಫಿಕೇಟ್‌ಗಳ ಪಟ್ಟಿ ಮಾಡಿ, 60, 30, 7 ದಿನ ಮುಂಚೆ ಎಚ್ಚರಿಕೆ ಇಡಿ. ಹಬ್‌ನಿಂದ ಸಿಬಿಎಸ್‌ಗೆ ಹೋಗುವ ಫೈಲು ಡಿಜಿಟಲ್ ಸಹಿಯೊಂದಿಗೆ ಹೋಗಲಿ, ನಡುವೆ ಯಾರ ಕೈಗೂ ಸಿಗಬಾರದು. ಪೆನ್‌ಡ್ರೈವ್ ನಿಷೇಧ ಎಂದು ಗೋಡೆಗೆ ಅಂಟಿಸಿದರೆ ಸಾಲದು, ಪೋರ್ಟ್ ಮುಚ್ಚಿಸಿ.

2024ರ ಜುಲೈ ಕೊನೆಗೆ, ಸಣ್ಣ ಬ್ಯಾಂಕುಗಳಿಗೆ ಸೇವೆ ಕೊಡುವ ಕಂಪನಿಯೊಂದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ ಎನ್‌ಪಿಸಿಐ ಅದರ ಸಂಪರ್ಕ ಕಡಿದಾಗ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ನಿಂತಿತು. ಆ ಬ್ಯಾಂಕುಗಳು ತಪ್ಪೇನೂ ಮಾಡಿರಲಿಲ್ಲ. ವೆಂಡರ್ ಒಪ್ಪಂದದಲ್ಲಿ ಕೇಳಿ: ನಮ್ಮ ಡೇಟಾದ ದಿನದ ಪ್ರತಿ ನಮಗೆ ಯಾವ ರೂಪದಲ್ಲಿ ಬರುತ್ತದೆ? ನಿಮ್ಮ ಉಪ ಗುತ್ತಿಗೆದಾರರು ಯಾರು? ಬ್ಯಾಕಪ್ ಮತ್ತು ಲಾಗ್ ಯಾವ ದೇಶದಲ್ಲಿವೆ? ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ 6ರ ಆದೇಶದಂತೆ ಪಾವತಿಯ ಡೇಟಾ ಭಾರತದಲ್ಲೇ ಇರಬೇಕು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ 180 ದಿನದ ಲಾಗ್, ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿಸಿದ ಗಡಿಯಾರ, 6 ಗಂಟೆಯೊಳಗೆ ಘಟನೆಯ ವರದಿ. ಯುಪಿಐಗೆ ನೇರ ಸದಸ್ಯರಾದರೆ, ಪಟ್ಟಣ ಸಹಕಾರಿ ಬ್ಯಾಂಕುಗಳ 2019ರ ಸೈಬರ್ ಭದ್ರತಾ ಚೌಕಟ್ಟಿನ ನಾಲ್ಕು ಹಂತಗಳಲ್ಲಿ ನೀವು ಮೇಲೇರಬಹುದು. ಆ ಖರ್ಚನ್ನು ಮೊದಲೇ ಬಜೆಟ್‌ನಲ್ಲಿ ಹಿಡಿಯಿರಿ.

ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಎಸಿ ನಿಂತರೆ ಸರ್ವರ್ ಕೋಣೆ ಬೇಗನೆ ಕಾಯುತ್ತದೆ. ಯುಪಿಎಸ್ ಸರ್ವರ್‌ಗೆ ಮಾತ್ರ ಇದ್ದು ಎಸಿಗೆ ಇಲ್ಲದಿದ್ದರೆ ಜನರೇಟರ್ ತಾನಾಗಿ ಹತ್ತಿಕೊಳ್ಳುವಂತಿರಬೇಕು. ಎರಡು ಕಂಪನಿಯ ಎರಡು ಲಿಂಕ್ ಎಂದು ನೆಮ್ಮದಿಯಾಗಿರಬೇಡಿ. ಎರಡೂ ಕೇಬಲ್ ಒಂದೇ ಕಂಬದಿಂದ ಬರುತ್ತಿದ್ದರೆ ರಸ್ತೆ ಅಗೆಯುವ ಜೆಸಿಬಿಗೆ ಒಂದೇ ಏಟು ಸಾಕು.

ಬದಲಿಸುವ ದಿನ

ಮೊದಲು ಒಳಬರುವ ನೆಫ್ಟ್. ಅದೇ ಫೈಲನ್ನು ಹಳೆಯದಕ್ಕೂ ಹೊಸದಕ್ಕೂ ಕೊಡಿ. ಹೊಸದು ಪೋಸ್ಟ್ ಮಾಡದೆ 'ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ' ಎಂದು ಬರೆದಿಡಲಿ. ಎರಡು ತಿಂಗಳ ಕೊನೆಗಳನ್ನು ದಾಟುವವರೆಗೆ ಹೋಲಿಸಿ. ಆಮೇಲೆ ಹೊರಹೋಗುವ ನೆಫ್ಟ್, ಆರ್‌ಟಿಜಿಎಸ್, ನ್ಯಾಚ್, ಕೊನೆಗೆ ಐಎಂಪಿಎಸ್ ಮತ್ತು ಯುಪಿಐ. ಶಾಖೆಗಳಲ್ಲಿ ಸಿಬ್ಬಂದಿಯ ಸ್ವಂತ ಖಾತೆಗಳಿಂದ, ಸಣ್ಣ ಶಾಖೆಯಿಂದ ಶುರು. ಎಪಿಎಂಸಿ ಶಾಖೆ ಕಟ್ಟಕಡೆಗೆ.

ದಿನಾಂಕ ಆರಿಸುವಾಗ ನವೆಂಬರ್‌ನಿಂದ ಜನವರಿ, ಏಪ್ರಿಲ್-ಮೇ ಎರಡೂ ಭತ್ತದ ಕಾಲವೆಂದು ಬಿಡಿ. ಮಾರ್ಚ್ ಬಿಡಿ. ತಿಂಗಳ 1ರಿಂದ 10 ಸಂಬಳ, ಕಂತುಗಳ ದಿನ. ಉಳಿದವುಗಳಲ್ಲಿ ಅನುಕೂಲವಾದದ್ದು ಆಗಸ್ಟ್-ಸೆಪ್ಟೆಂಬರ್‌ನ 12ರಿಂದ 22ರ ನಡುವಿನ ಮಂಗಳವಾರ ಅಥವಾ ಬುಧವಾರ. ಗಣೇಶ ಹಬ್ಬವನ್ನೊಮ್ಮೆ ನೋಡಿಕೊಳ್ಳಿ. ಶನಿವಾರ ರಾತ್ರಿ ಮಾಡುವುದು ಹಳೆಯ ರೂಢಿ, ಈಗ ಅದಕ್ಕೆ ಅರ್ಥವಿಲ್ಲ: ಪಾವತಿಗೆ ಭಾನುವಾರದ ರಜೆ ಇಲ್ಲ, ಸ್ಪಾನ್ಸರ್ ಬ್ಯಾಂಕಿನ ಫೋನ್ ಎತ್ತುವವರಿಗೆ ಇದೆ.

ಹಿಂದೆ ಸರಿಯುವ ಗೆರೆಯನ್ನು ಮೊದಲೇ ಎಳೆಯಿರಿ. ಮೊದಲ ಸೆಟಲ್‌ಮೆಂಟ್ ಸೈಕಲ್ ಹೊಸದರಲ್ಲಿ ಮುಗಿಯುವ ಮುನ್ನ ತೊಂದರೆ ಕಂಡರೆ ಹಳೆಯದಕ್ಕೆ ಮರಳಿ. ಮುಗಿದ ಮೇಲೆ ಮರಳಿದರೆ ಅರ್ಧ ಪಾವತಿಗಳು ಅಲ್ಲಿ, ಅರ್ಧ ಇಲ್ಲಿ ಆಗಿ ಎರಡೂ ಕೆಡುತ್ತವೆ. ಮರಳುವ ನಿರ್ಧಾರ ಒಬ್ಬರದೇ ಇರಲಿ, ಅವರ ಹೆಸರು ಕಾಗದದಲ್ಲಿರಲಿ.

ಹಳೆಯದನ್ನು ಬಂದ್ ಮಾಡುವುದು

ಹೊಸದು ನಡೆಯತೊಡಗಿದ ಮೇಲೆ ಹಳೆಯ ಯಂತ್ರವನ್ನು ಮೂಲೆಯಲ್ಲಿ ಚಾಲೂ ಬಿಟ್ಟರೆ, ಅದರಲ್ಲಿನ ನಿಗದಿತ ಅಪ್‌ಲೋಡ್ ಕೆಲಸ ಎಂದೋ ಒಂದು ದಿನ ಎಚ್ಚೆತ್ತು ಹಳೆಯ ಫೈಲನ್ನು ಮತ್ತೆ ಏರಿಸುತ್ತದೆ. ಮೊದಲ ದಿನವೇ ಆ ಕೆಲಸಗಳನ್ನು ತೆಗೆಯಿರಿ, ಸ್ಪಾನ್ಸರ್ ಪೋರ್ಟಲ್‌ನ ಹಳೆಯ ಯೂಸರ್ ಐಡಿಗಳನ್ನು ಬರಹದಲ್ಲಿ ರದ್ದು ಮಾಡಿಸಿ, ಸಿಬಿಎಸ್‌ನಲ್ಲಿ ಅದರ ಪೋಸ್ಟಿಂಗ್ ಹಕ್ಕು ಕಸಿಯಿರಿ. ಓದಲು ಮಾತ್ರ ಒಂದು ತ್ರೈಮಾಸಿಕ ಇಟ್ಟುಕೊಳ್ಳಿ. ಈ ಅವಧಿಯ ವಿವಾದಗಳು ಅದರಲ್ಲೇ ಬಗೆಹರಿಯಬೇಕು. ಆಮೇಲೆ ಕೊನೆಯ ಬ್ಯಾಕಪ್ ತೆಗೆದು, ಬೇರೆ ಯಂತ್ರದಲ್ಲಿ ತೆರೆದು ಹತ್ತು ಹಳೆಯ ಯುಟಿಆರ್ ಹುಡುಕಿ ನೋಡಿ. ಸಿಕ್ಕರೆ ಇಬ್ಬರು ಅಧಿಕಾರಿಗಳ ಸಹಿಯೊಂದಿಗೆ ಸಂದೇಶಗಳನ್ನು ಭದ್ರಪಡಿಸುತ್ತಿದ್ದ ಹಳೆಯ ಡಿಜಿಟಲ್ ಕೀಲಿಗಳನ್ನು ನಾಶ ಮಾಡಿ, ಡಿಸ್ಕ್ ಅಳಿಸಿ, ಆಸ್ತಿ ಪುಸ್ತಕದಿಂದ ಯಂತ್ರದ ನಮೂದು ತೆಗೆಯಿರಿ.